ಹಳೇ ಹಾಟ್ ರಾಡ್ ಪತ್ರಿಕೆಗಳು: ನಿಮ್ಮ ಕೈಗೆ ಮೊದಲು ಸಿಕ್ಕಿದ್ದು ಯಾವುದು?

ಅವೆನ್ಯೂ_ರೋಡ್_ಓದುಗ | ಸೋಮವಾರ, ರಾತ್ರಿ 9:40

1991ರಲ್ಲಿ ನಾನು ಪಿಯುಸಿ ಓದುತ್ತಿದ್ದೆ. ಒಂದು ಭಾನುವಾರ ಗಣಿತದ ಗೈಡು ಹುಡುಕಿಕೊಂಡು ಅವೆನ್ಯೂ ರೋಡಿಗೆ ಹೋದೆ. ಗೈಡು ಸಿಗಲಿಲ್ಲ. ಸಿಕ್ಕಿದ್ದು ‘ರಾಡ್ ಅಂಡ್ ಕಸ್ಟಮ್’ ಅನ್ನೋ ಅಮೆರಿಕದ ಪತ್ರಿಕೆ, ಎಪ್ಪತ್ತರ ದಶಕದ್ದು. ಯಾರ ಮನೆಯ ಅಟ್ಟದಿಂದ ಬಂದಿತ್ತೋ ಗೊತ್ತಿಲ್ಲ. ಮುಗ್ಗಲು ವಾಸನೆ, ರಟ್ಟಿನ ಮೂಲೆ ಇಲಿ ಕಡಿದಿತ್ತು. ಐದು ರೂಪಾಯಿ ಕೊಟ್ಟು ತಂದೆ.

ಒಳಗೆ ಒಂದು ಲೇಖನ. ಹಳೇ ಫೋರ್ಡ್ ಕಾರಿನ ತಲೆ ಕತ್ತರಿಸುವುದು ಹೇಗೆ ಅಂತ. ತಲೆ ಅಂದರೆ ಚಾವಣಿ. ಕಂಬಗಳನ್ನು ಕೊಯ್ದು, ನಡುವಿನಿಂದ ಮೂರ್ನಾಲ್ಕು ಇಂಚು ತೆಗೆದು, ಚಾವಣಿಯನ್ನು ಮತ್ತೆ ಕೆಳಗೆ ಕೂರಿಸಿ ವೆಲ್ಡ್ ಮಾಡುವುದು. ಹೆಜ್ಜೆ ಹೆಜ್ಜೆಗೂ ಕಪ್ಪು ಬಿಳುಪು ಫೋಟೊ. ನಮ್ಮ ಬೀದಿಯಲ್ಲಿ ಆಗ ಇದ್ದದ್ದು ಒಂದು ಅಂಬಾಸಿಡರ್, ಎರಡು ಫಿಯೆಟ್. ಅವುಗಳ ಬಣ್ಣ ಬದಲಿಸಿದರೇ ಜನ ಮಾತಾಡಿಕೊಳ್ಳುತ್ತಿದ್ದರು. ಇಲ್ಲಿ ನೋಡಿದರೆ ಯಾರೋ ಪುಣ್ಯಾತ್ಮ ಸುಮ್ನೆ ಚೆನ್ನಾಗಿದ್ದ ಕಾರಿಗೆ ಗರಗಸ ಹಾಕಿ ನಗುತ್ತಾ ನಿಂತಿದ್ದಾನೆ!

ಗಾಜು ಕತ್ತರಿಸುವ ಹಂತ ಬರುವಷ್ಟರಲ್ಲಿ ‘ಉಳಿದದ್ದು ಕೊನೆಯ ಪುಟಗಳಲ್ಲಿ’ ಅಂತ ಇತ್ತು. ಹೋಗಿ ನೋಡಿದರೆ ಆ ಹಾಳೆಯಲ್ಲಿ ಚೌಕಾಕಾರದ ತೂತು. ಹಾಳೆಯ ಆ ಕಡೆ ಯಾವುದೋ ಬಿಡಿಭಾಗದ ಕಂಪನಿಯ ಜಾಹೀರಾತಿತ್ತು. ಅದರ ಕೂಪನ್ನನ್ನು ಯಾರೋ ಕತ್ತರಿಸಿ ಅಂಚೆಗೆ ಹಾಕಿದ್ದರು. ಮೂವತ್ತು ವರ್ಷದ ಮೇಲಾಯಿತು, ಆ ಮನುಷ್ಯನ ಮೇಲೆ ನನಗೆ ಇನ್ನೂ ಕೋಪ ಇದೆ.

ಆಮೇಲೆ ತುಂಬಾ ಓದಿದೆ. ಓದುತ್ತಾ ನನಗೆ ಅನಿಸಿದ್ದು ಇದು: ನಾವು ಬ್ಯಾರಿಸ್, ರಾಥ್, ವಿನ್‌ಫೀಲ್ಡ್ ಅಂತ ಕಾರು ಕಟ್ಟಿದವರ ಹೆಸರು ಹೇಳುತ್ತೇವೆ. ಆದರೆ ಅವರನ್ನು ಕಟ್ಟಿದ್ದು ಪತ್ರಿಕೆ. ಲಾಸ್ ಏಂಜಲೀಸಿನ ಯಾವುದೋ ಗಲ್ಲಿಯ ಗ್ಯಾರೇಜಿನವನ ಹೆಸರು ಅವೆನ್ಯೂ ರೋಡಿನ ತನಕ ಬಂದಿದ್ದು ಕಾಗದದ ಮೇಲೆ ಕೂತು. ಒಪ್ಪುತ್ತೀರಾ? ನಿಮ್ಮ ಮೊದಲ ಪತ್ರಿಕೆ ಯಾವುದು, ನಿಮ್ಮ ಮೆಚ್ಚಿನ ಬಿಲ್ಡರ್ ಯಾರು, ಹೇಳಿ.

ಸುಮ್ನೆ_ಕುತೂಹಲ | ಸೋಮವಾರ, ರಾತ್ರಿ 10:05

ನಗಬೇಡಿ. ಹಾಟ್ ರಾಡ್ ಅಂದರೆ ಏನು? ವಿಂಟೇಜ್ ಕಾರು ರ‍್ಯಾಲಿಯಲ್ಲಿ ಬರುತ್ತವಲ್ಲ, ಅವೇನಾ?

ಫ್ಲ್ಯಾಟ್‌ಹೆಡ್_ಪ್ರೇಮಿ | ಸೋಮವಾರ, ರಾತ್ರಿ 10:31

ಅಲ್ಲ, ಹೆಚ್ಚುಕಮ್ಮಿ ಅದರ ಉಲ್ಟಾ. ವಿಂಟೇಜ್‌ನವರು ಒಂದು ನಟ್ಟು ಕೂಡ ಕಂಪನಿ ಕೊಟ್ಟ ಹಾಗೇ ಇರಬೇಕು ಅನ್ನುತ್ತಾರೆ. ಹಾಟ್ ರಾಡ್‌ನವರು ಕಂಪನಿ ಕೊಟ್ಟಿದ್ದರಲ್ಲಿ ಬೇಡದ್ದನ್ನೆಲ್ಲ ಕಿತ್ತು ಬಿಸಾಕುತ್ತಾರೆ. ಮಡ್‌ಗಾರ್ಡ್ ತೆಗೆ, ಬಂಪರ್ ತೆಗೆ, ತೂಕ ಇಳಿಸು, ಎಂಜಿನ್ನಿಗೆ ಬಲ ತುಂಬು, ಓಡಿಸು. ಅಷ್ಟೇ.

ಶುರುವಾಗಿದ್ದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ಮ್ಯೂರಾಕ್, ಎಲ್ ಮಿರಾಜ್ ಅಂತ ಒಣಗಿದ ಕೆರೆಗಳಿವೆ. ನೆಲ ಮೈಲುಗಟ್ಟಲೆ ಸಪಾಟು. ಹುಡುಗರು ಗುಜರಿಯಿಂದ ಹಳೇ ಫೋರ್ಡ್ ತಂದು, ರಿಪೇರಿ ಮಾಡಿ, ಅಲ್ಲಿ ಓಡಿಸಿ ಎಷ್ಟು ವೇಗ ಬಂತು ಅಂತ ಅಳೆಯುತ್ತಿದ್ದರು. 1937ರಲ್ಲಿ ಕ್ಲಬ್ಬುಗಳೆಲ್ಲ ಸೇರಿ ಎಸ್‌ಸಿಟಿಎ ಅಂತ ಸಂಘ ಕಟ್ಟಿಕೊಂಡರು.

ಅವರ ದೇವರು 1932ರ ಫೋರ್ಡ್. ‘ಡ್ಯೂಸ್’ ಅನ್ನುತ್ತಾರೆ, ಇಸವಿಯ ಕೊನೆಯ 2ರಿಂದ ಬಂದ ಹೆಸರು. ಫೋರ್ಡ್ ಮೊದಲ ಸಲ ಸಾಮಾನ್ಯ ಜನರ ಕಾರಿಗೆ ವಿ8 ಎಂಜಿನ್ ಹಾಕಿದ್ದು ಆ ವರ್ಷ. 221 ಘನ ಇಂಚು, ನಮ್ಮ ಲೆಕ್ಕದಲ್ಲಿ 3.6 ಲೀಟರ್. ಬಲ ಬರೀ 65 ಅಶ್ವಶಕ್ತಿ. ಇವತ್ತಿನ ಸ್ವಿಫ್ಟ್‌ನಲ್ಲೂ ಅದಕ್ಕಿಂತ ಜಾಸ್ತಿ ಇದೆ! ಆದರೆ ಆ ಎಂಜಿನ್ ಕೆದಕಿದಷ್ಟೂ ಬಲ ಕೊಡುತ್ತಿತ್ತು. ಹೆಡ್ ಬದಲಿಸಿ, ಕಾರ್ಬುರೇಟರ್ ಮೂರು ಮಾಡಿ, ವಾಲ್ವ್ ತೆರೆಯುವ ಕ್ಯಾಮ್ ಉಜ್ಜಿಸಿ. ಒಂದೇ ತೊಂದರೆ, ಬಿಸಿ. ಹೊಗೆ ಹೋಗುವ ದಾರಿ ಎಂಜಿನ್ ಬ್ಲಾಕಿನ ಹೊಟ್ಟೆಯೊಳಗೇ ಹಾದು ಹೋಗುತ್ತದೆ, ನೀರು ಕುದಿಯದೆ ಇನ್ನೇನು?

ಪಮೋನಾ_ಕನ್ನಡಿಗ | ಮಂಗಳವಾರ, ಬೆಳಗ್ಗೆ 8:12

ನನ್ನ ಊರು ತಿಪಟೂರು. ಈಗ ಇಪ್ಪತ್ತು ವರ್ಷದಿಂದ ಲಾಸ್ ಏಂಜಲೀಸ್ ಪಕ್ಕದ ಪಮೋನಾ ಹತ್ತಿರ ಇದ್ದೇನೆ. ಇಲ್ಲಿನ ಮೈದಾನದಲ್ಲಿ ಹಳೇ ಕಾರು, ಬಿಡಿಭಾಗಗಳ ಸಂತೆ ನಡೆಯುತ್ತದೆ. ಭಾನುವಾರ ಬೆಳಕು ಹರಿಯೋ ಮುಂಚೆ ಜನ ಟಾರ್ಚ್ ಹಿಡಿದುಕೊಂಡು ಬಂದಿರುತ್ತಾರೆ, ಥೇಟ್ ನಮ್ಮೂರ ಕೊಬ್ಬರಿ ಸಂತೆಯ ಗಲಾಟೆ. ಅದೇ ಮೈದಾನದ ಮೂಲೆಯಲ್ಲಿ ವಾಲಿ ಪಾರ್ಕ್ಸ್ ಹೆಸರಿನ ಮ್ಯೂಸಿಯಂ ಇದೆ.

ಓದುಗ ಸರ್ ಹೇಳಿದ್ದನ್ನು ಒಪ್ಪುತ್ತೇನೆ. ‘ಹಾಟ್ ರಾಡ್’ ಪತ್ರಿಕೆ ಹುಟ್ಟಿದ ಕತೆಯೇ ಮಜವಾಗಿದೆ. ರಾಬರ್ಟ್ ಪೀಟರ್ಸನ್‌ಗೆ ಆಗ 21 ವರ್ಷ. ಎಂಜಿಎಂ ಸ್ಟುಡಿಯೊದ ಪ್ರಚಾರ ವಿಭಾಗದಲ್ಲಿದ್ದ ಕೆಲಸ ಹೋಗಿತ್ತು. ಲಾಸ್ ಏಂಜಲೀಸಿನ ಆರ್ಮರಿ ಕಟ್ಟಡದಲ್ಲಿ ಒಂದು ಹಾಟ್ ರಾಡ್ ಪ್ರದರ್ಶನ ಇತ್ತು. ಅದಕ್ಕೆ ಪ್ರಚಾರ ಮಾಡುವ ಕೆಲಸ ಹಿಡಿದ. ಮಾಡುತ್ತಾ ಮಾಡುತ್ತಾ ಈ ಹುಡುಗರಿಗೆ ಒಂದು ಪತ್ರಿಕೆ ಬೇಕಲ್ಲ ಅನಿಸಿತು. ರಾಬರ್ಟ್ ಲಿಂಡ್ಸೆ ಅನ್ನೋ ಗೆಳೆಯನ ಜೊತೆ ಸೇರಿ 1948ರ ಜನವರಿಯಲ್ಲಿ ಮೊದಲ ಸಂಚಿಕೆ ತಂದ. 25 ಸೆಂಟ್. ಪ್ರದರ್ಶನದ ಬಾಗಿಲ ಮೆಟ್ಟಿಲ ಹತ್ತಿರ ತಾನೇ ನಿಂತು ಮಾರಿದ. ಹಾಗೆ ಶುರು ಮಾಡಿದವನ ಹೆಸರಿನಲ್ಲಿ 1994ರಲ್ಲಿ ಲಾಸ್ ಏಂಜಲೀಸಿನಲ್ಲಿ ದೊಡ್ಡ ಕಾರು ಮ್ಯೂಸಿಯಮ್ಮೇ ಎದ್ದಿತು.

ಆಗ ಹಾಟ್ ರಾಡ್ ಹುಡುಗರು ಅಂದರೆ ದಿನಪತ್ರಿಕೆಗಳಿಗೆ ಪೋಲಿಗಳು, ಪೊಲೀಸರಿಗೆ ತಲೆನೋವು. ವಾಲಿ ಪಾರ್ಕ್ಸ್ ‘ಹಾಟ್ ರಾಡ್’ ಸಂಪಾದಕರಾಗಿ ಬಂದ ಮೇಲೆ ತಿಂಗಳು ತಿಂಗಳು ಒಂದೇ ಮಾತು: ರಸ್ತೆಯಲ್ಲಿ ಬೇಡ, ಟ್ರ್ಯಾಕಿಗೆ ಬನ್ನಿ. 1951ರಲ್ಲಿ ಎನ್‌ಎಚ್‌ಆರ್‌ಎ, ಅಂದರೆ ರಾಷ್ಟ್ರೀಯ ಹಾಟ್ ರಾಡ್ ಸಂಘ ಕಟ್ಟಿದರು. ಅಮೆರಿಕದ ಡ್ರ್ಯಾಗ್ ರೇಸಿಂಗ್ (ನೇರ ಟ್ರ್ಯಾಕಿನಲ್ಲಿ ಎರಡೆರಡು ಕಾರುಗಳ ಓಟ) ಪೂರ್ತಿ ಇವತ್ತಿಗೂ ಅದರ ನೆರಳಿನಲ್ಲೇ ಇದೆ. ಒಂದು ಪತ್ರಿಕೆಯ ಮೇಜಿನ ಮೇಲೆ ಹುಟ್ಟಿದ ಆಟ ನೋಡಿ ಇದು.

ಮಿಶಿಗನ್_ಮಾವ | ಮಂಗಳವಾರ, ಬೆಳಗ್ಗೆ 9:50

ಪಮೋನಾದವರೇ, ಪೀಟರ್ಸನ್ ಕತೆ ಎಲ್ಲರೂ ಹೇಳುತ್ತಾರೆ. ಅವನಿಗಿಂತ ಮುಂಚೆ ಇದ್ದವರನ್ನು ಮರೆಯುತ್ತಾರೆ.

1941ರಲ್ಲೇ ‘ಥ್ರಾಟಲ್’ ಅಂತ ಒಂದು ಪತ್ರಿಕೆ ಇತ್ತು. ಜನವರಿಯಿಂದ ಡಿಸೆಂಬರ್ ತನಕ ಬಂತು. ಪರ್ಲ್ ಹಾರ್ಬರ್ ಮೇಲೆ ಬಾಂಬ್ ಬಿತ್ತು, ಓದುವ ಹುಡುಗರೆಲ್ಲ ಯುದ್ಧಕ್ಕೆ ಹೋದರು, ಪತ್ರಿಕೆ ನಿಂತಿತು.

ಆಗ ಹಗ್ಗ ಬಿಡದೆ ಹಿಡಿದುಕೊಂಡವರು ಒಬ್ಬ ಹೆಂಗಸು, ವೀಡಾ ಆರ್. ಒಣ ಕೆರೆಯಲ್ಲಿ ಸ್ವತಃ ಕಾರು ಓಡಿಸಿದವರು, ಎಸ್‌ಸಿಟಿಎ ಸದಸ್ಯತ್ವ ಸಿಕ್ಕ ಮೊದಲ ಮಹಿಳೆ. ಯುದ್ಧದ ವರ್ಷಗಳಲ್ಲಿ ಸಂಘದ ಸುದ್ದಿ ಪತ್ರಿಕೆಯನ್ನು ಮನೆಯಿಂದಲೇ ತಂದು, ಎಲ್ಲೆಲ್ಲೋ ಇದ್ದ ಸೈನಿಕ ಹುಡುಗರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಯೋಚಿಸಿ. ಪೆಸಿಫಿಕ್ ಸಾಗರದ ಯಾವುದೋ ದ್ವೀಪದಲ್ಲಿ ಕೂತ ಹುಡುಗನಿಗೆ ತನ್ನ ಕ್ಲಬ್ಬಿನ ಸುದ್ದಿ ಬರುತ್ತದೆ. ಅವನು ವಾಪಸ್ ಬಂದು ಗ್ಯಾರೇಜಿನ ಬಾಗಿಲು ತೆರೆಯದೆ ಇರುತ್ತಾನಾ? ಯುದ್ಧದ ಮೇಲೆ ಹಾಟ್ ರಾಡ್ ಹುಚ್ಚು ಉಕ್ಕಿತು ಅನ್ನುತ್ತಾರಲ್ಲ, ಅದಕ್ಕೆ ಹೆಪ್ಪು ಹಾಕಿಟ್ಟವರು ವೀಡಾ ಆರ್.

ಸ್ಪ್ಯಾನರ್_12_13 | ಮಂಗಳವಾರ, ರಾತ್ರಿ 8:20

ನಮಸ್ಕಾರ್ರೀ. ಹುಬ್ಬಳ್ಳಿಯವ. ನಮ್ಮಪ್ಪ ಟಿಂಕರಿಂಗ್ ಕೆಲಸದವರು, ನಾನೂ ಅದೇ. ನಿಮ್ಮಷ್ಟು ಓದಿಲ್ಲ, ಆದರೆ ಫೋಟೊ ನೋಡಿದರೆ ಯಾವುದು ಕೈಕೆಲಸ, ಯಾವುದು ಪುಟ್ಟಿ ಅಂತ ಹೇಳಬಲ್ಲೆ.

ಓದುಗರೇ, ನೀವು ‘ಬ್ಯಾರಿಸ್’ ಅಂದಿರಿ. ಯಾವ ಬ್ಯಾರಿಸ್? ಅಣ್ಣ ತಮ್ಮ ಇಬ್ಬರು ಇದ್ದರು. ಸ್ಯಾಮ್ ತಗಡಿನ ಕೆಲಸದವ. ಜಾರ್ಜ್ ಮಾತಿನವ, ಕ್ಯಾಮೆರಾದವ. ಜಾರ್ಜ್ ತಾನೇ ಫೋಟೊ ತೆಗೆದು, ತಾನೇ ಬರೆದು ಪತ್ರಿಕೆಗಳಿಗೆ ಕೊಡುತ್ತಿದ್ದ. ಹಂಗಾಗಿ ಹೆಸರು ಯಾರದಾಯಿತು? 49ರ ಮರ್ಕ್ಯುರಿ ಕಾರಿನ ಚಾವಣಿಯನ್ನು ಮೊದಮೊದಲು ಕತ್ತರಿಸಿ ದಾರಿ ತೋರಿಸಿದವ ಸ್ಯಾಮ್. ಅವ 1967ರಲ್ಲೇ ತೀರಿಕೊಂಡ. ಇವತ್ತು ಹೊರಗಿನವರು ಬ್ಯಾರಿಸ್ ಅಂದರೆ ಬ್ಯಾಟ್‌ಮ್ಯಾನ್‌ನ ಕಾರು ಬ್ಯಾಟ್‌ಮೊಬೈಲ್ ಮಾಡಿದ ಜಾರ್ಜ್ ಅಂತಾರೆ. ಆ ಬ್ಯಾಟ್‌ಮೊಬೈಲಿನ ತಗಡಿನ ಕೆಲಸ ಸಹ ಜಾರ್ಜ್ ಬಿಲ್ ಕುಶನ್‌ಬೆರಿ ಅನ್ನೋರಿಗೆ ಕೊಟ್ಟು ಮಾಡಿಸಿದ್ದು.

ಪತ್ರಿಕೆ ಬಿಲ್ಡರ್‌ನ ಕಟ್ಟಿತು, ಖರೆ. ಆದರೆ ಕ್ಯಾಮೆರಾ ಹತ್ತಿರ ನಿಂತವನನ್ನು ಕಟ್ಟಿತು. ಗ್ಯಾಸ್ ಟಾರ್ಚ್ ಹಿಡಿದವ ಹಿಂದೆ ಉಳಿದ.

ಇನ್ನೊಂದು ಹೇಳಬೇಕು. ಆಗ ಪುಟ್ಟಿ ಇರಲಿಲ್ಲ. ಸೀಸ ಕರಗಿಸಿ, ಕಟ್ಟಿಗೆ ಪಟ್ಟಿಯಿಂದ ಬಳಿದು, ಅರದಿಂದ ಉಜ್ಜಿ ನುಣುಪು ಮಾಡುತ್ತಿದ್ದರು. ಆ ಕಾರುಗಳಿಗೆ ‘ಲೆಡ್ ಸ್ಲೆಡ್’ ಅಂತ ಹೆಸರು ಬಂದಿದ್ದೇ ಸೀಸದಿಂದ. ಆ ಪುಡಿ ಎದೆಗೆ ಹೋದರೆ ವಿಷ. ಫೋಟೊದಲ್ಲಿ ಒಬ್ಬರ ಮುಖಕ್ಕೂ ಬಟ್ಟೆ ಕಟ್ಟಿದ್ದು ನಾ ನೋಡಿಲ್ಲ.

ಅವೆನ್ಯೂ_ರೋಡ್_ಓದುಗ | ಮಂಗಳವಾರ, ರಾತ್ರಿ 10:15

ಸ್ಪ್ಯಾನರ್ ಅಣ್ಣ, ಸೋತೆ. ನನ್ನ ಮಾತು ತಿದ್ದಿಕೊಳ್ಳುತ್ತೇನೆ: ಪತ್ರಿಕೆ ಎಲ್ಲರನ್ನೂ ಕಟ್ಟಲಿಲ್ಲ.

ಆದರೂ ಒಂದು ಕಾರಿನ ಕತೆ ಹೇಳುತ್ತೇನೆ ಕೇಳಿ. ಬಾಬ್ ಹಿರೋಹಾಟ ಅಂತ ಜಪಾನಿ ಮೂಲದ ಅಮೆರಿಕದ ಯುವಕ. 1951ರ ಮರ್ಕ್ಯುರಿಯನ್ನು 1952ರಲ್ಲಿ ಬ್ಯಾರಿಸ್ ಸೋದರರ ಹತ್ತಿರ ಬಿಟ್ಟ. ಅವರು ಚಾವಣಿಯನ್ನು ಮುಂದೆ ನಾಲ್ಕು ಇಂಚು, ಹಿಂದೆ ಏಳು ಇಂಚು ಇಳಿಸಿದರು. ಪಕ್ಕದ ನಡುಗಂಬವನ್ನೇ ತೆಗೆದುಹಾಕಿದರು. ಎರಡು ಬಗೆಯ ಹಸಿರು ಬಣ್ಣ, ಎಳೇ ಬಾಳೆಲೆ ಮತ್ತು ಬಲಿತ ಬಾಳೆಲೆ ಅಂದುಕೊಳ್ಳಿ. 1953ರಲ್ಲಿ ಅದನ್ನು ಕ್ಯಾಲಿಫೋರ್ನಿಯಾದಿಂದ ಇಂಡಿಯಾನಾಪೊಲಿಸ್‌ವರೆಗೆ ಓಡಿಸಿಕೊಂಡು ಹೋಗಿ, ಆ ಪ್ರಯಾಣವನ್ನು ‘ರಾಡ್ ಅಂಡ್ ಕಸ್ಟಮ್’ನಲ್ಲಿ ಬರೆದ. ಪತ್ರಿಕೆ ಶುರುವಾಗಿ ಇನ್ನೂ ವರ್ಷ ತುಂಬಿರಲಿಲ್ಲ.

ಹುಚ್ಚು ಮುಗಿಯಿತು, ಫ್ಯಾಷನ್ ಬದಲಾಯಿತು. 1959ರಲ್ಲಿ ಅದೇ ಕಾರು ಹಳೇ ಕಾರು ಮಾರುವ ಜಾಗದಲ್ಲಿ ನಿಂತಿತ್ತು. ಒಬ್ಬ ಹುಡುಗ 500 ಡಾಲರಿಗೆ ತಗೊಂಡ. ಕೆಲವು ವರ್ಷ ಓಡಿಸಿ, ಮೂಲೆಗೆ ನಿಲ್ಲಿಸಿದ. ಎಂಬತ್ತರ ದಶಕದ ಕೊನೆಗೆ ‘ರಾಡ್ ಅಂಡ್ ಕಸ್ಟಮ್’ ಮತ್ತೆ ಶುರುವಾದಾಗ ಅದರ ಸಂಪಾದಕ ಪ್ಯಾಟ್ ಗನಾಲ್ ಬೆನ್ನು ಹತ್ತಿ, ಹುರಿದುಂಬಿಸಿ, ರಿಪೇರಿ ಶುರು ಮಾಡಿಸಿದರು. 2022ರ ಜನವರಿಯಲ್ಲಿ ಹರಾಜಾಯಿತು. ಕೂಗು ನಿಂತಿದ್ದು 19.5 ಲಕ್ಷ ಡಾಲರಿಗೆ. ಪತ್ರಿಕೆ ಇಲ್ಲದಿದ್ದರೆ ಅದು ತಲೆ ಕುಯ್ಸಿಕೊಂಡ ಒಂದು ಹಳೇ ಮರ್ಕ್ಯುರಿ, ಅಷ್ಟೇ. ಗುಜರಿಗೆ ಹೋಗುತ್ತಿತ್ತು.

ಹಾಟ್‌ವೀಲ್ಸ್_ಅಮ್ಮ | ಬುಧವಾರ, ಮಧ್ಯಾಹ್ನ 2:45

ನಾನು ಯಾವ ಪತ್ರಿಕೆಯನ್ನೂ ಓದಿಲ್ಲ. ನನಗೆ ಇದೆಲ್ಲ ಗೊತ್ತಾಗಿದ್ದು ಮಗನ ಆಟಿಕೆಯಿಂದ. ಅವನ ಹತ್ತಿರ ಒಂದು ವಿಚಿತ್ರ ಕಾರಿದೆ, ಮೇಲೆ ಗಾಜಿನ ಗುಳ್ಳೆ ಮುಚ್ಚಿದ ಹಾಗೆ. ಇದು ಯಾರದೋ ಕಲ್ಪನೆ ಅಂದುಕೊಂಡಿದ್ದೆ. ಹುಡುಕಿದರೆ ನಿಜವಾದ ಕಾರೇ ಇದೆ! ‘ಬೀಟ್‌ನಿಕ್ ಬ್ಯಾಂಡಿಟ್’, 1961ರದ್ದು, ಎಡ್ ರಾಥ್ ಮಾಡಿದ್ದು. ಫೈಬರ್‌ಗ್ಲಾಸ್ ಮೈ. ಸ್ಟೀರಿಂಗ್ ಚಕ್ರವೇ ಇಲ್ಲ, ನಡುವೆ ಒಂದು ಕೋಲು. ಆ ಮನುಷ್ಯ ‘ರ‍್ಯಾಟ್ ಫಿಂಕ್’ ಅಂತ ಕಣ್ಣು ಹೊರಗೆ ಬಿದ್ದ ಹಸಿರು ಇಲಿಯನ್ನೂ ಬರೆದಿದ್ದಾನೆ. ನಮ್ಮತ್ತೆ ಅದರ ಚಿತ್ರ ನೋಡಿ ಊಟ ಬಿಟ್ಟರು.

1968ರಲ್ಲಿ ಹಾಟ್ ವೀಲ್ಸ್ ಮೊದಲು ತಂದ 16 ಕಾರುಗಳಲ್ಲಿ ಇದೂ ಒಂದಂತೆ. ‘ಡಿಯೊರಾ’ ಅಂತ ಇನ್ನೊಂದು, ಬಾಗಿಲು ಎಲ್ಲಿದೆ ಅಂತಲೇ ಗೊತ್ತಾಗದ ಪಿಕಪ್. ಅದೂ ನಿಜವಾದ ಗಾಡಿಯೇನಾ?

ಮಿಶಿಗನ್_ಮಾವ | ಬುಧವಾರ, ಸಂಜೆ 6:30

ನಿಜವಾದದ್ದೇ ಅಮ್ಮಾ, ನಮ್ಮ ಡೆಟ್ರಾಯ್ಟ್‌ದು. ಅಲೆಕ್ಸಾಂಡರ್ ಸೋದರರು, ಮೈಕ್ ಮತ್ತು ಲ್ಯಾರಿ, ಡಾಜ್ ಎ100 ಪಿಕಪ್ ಕತ್ತರಿಸಿ ಮಾಡಿದರು. ಅದರ ಬಾಗಿಲು ಮುಂದೆ, ಗಾಜಿನ ಜಾಗದಲ್ಲಿ. 1967ರಲ್ಲಿ ಇಲ್ಲಿನ ಪ್ರದರ್ಶನದಲ್ಲಿ ರಿಡ್ಲರ್ ಪ್ರಶಸ್ತಿ ಗೆದ್ದಿತು.

ಚಿತ್ರ ಬರೆದವರು ಹ್ಯಾರಿ ಬ್ರಾಡ್ಲಿ. ಪೋಲಿಯೊದಿಂದ ಕಾಲು ಹೋಗಿತ್ತು. ಜನರಲ್ ಮೋಟರ್ಸ್‌ನಲ್ಲಿ ಡಿಸೈನರ್. ಆಮೇಲೆ ಆಟಿಕೆ ಕಂಪನಿ ಮ್ಯಾಟೆಲ್‌ಗೆ ಹೋಗಿ ಮೊದಲ ಹಾಟ್ ವೀಲ್ಸ್‌ಗಳನ್ನು ರೂಪಿಸಿದವರೂ ಅವರೇ. ತಾನು ಚಿತ್ರ ಬರೆದ ಡಿಯೊರಾವನ್ನು ಅಲ್ಲಿಗೂ ಕರೆದುಕೊಂಡು ಹೋದರು ನೋಡಿ! ನಿಮ್ಮ ಮಗನ ಕೈಯಲ್ಲಿರುವುದು ಪತ್ರಿಕೆಯ ಮೊಮ್ಮಗು ಅಂತಿಟ್ಟುಕೊಳ್ಳಿ.

ಕುಡ್ಲದ_ಜೀಪು | ಬುಧವಾರ, ರಾತ್ರಿ 9:05

ಮಾರಾಯ್ರೆ, ಎಲ್ಲರೂ ಐವತ್ತು ಅರವತ್ತರ ದಶಕದಲ್ಲೇ ನಿಂತುಬಿಟ್ಟಿರಲ್ಲ. ಬಾಯ್ಡ್ ಕಾಡಿಂಗ್ಟನ್ ಹೆಸರು ಯಾಕೆ ಯಾರೂ ಎತ್ತಲಿಲ್ಲ? ಹಗಲು ಡಿಸ್ನಿಲ್ಯಾಂಡ್‌ನಲ್ಲಿ ಮೆಷಿನಿಸ್ಟ್ ಕೆಲಸ, ರಾತ್ರಿ ಮನೆಯ ಗ್ಯಾರೇಜಲ್ಲಿ ಕಾರು. ಅಲ್ಯುಮಿನಿಯಂ ಗಟ್ಟಿಯಿಂದ ಕಡೆದು ಮಾಡಿದ ಚಕ್ರ ಅಂದರೆ ಅವರದ್ದು. ಝಡ್‌ಝಡ್ ಟಾಪ್ ರಾಕ್ ಬ್ಯಾಂಡಿನ ಗಡ್ಡದ ಬಿಲಿ ಗಿಬ್ಬನ್ಸ್‌ಗೆ 1948ರ ಕ್ಯಾಡಿಲಾಕ್ ಹಿಡಿದು ‘ಕ್ಯಾಡ್‌ಝಿಲ್ಲಾ’ ಮಾಡಿದರಲ್ಲ, ಅದರಷ್ಟು ಚಂದದ ಗೆರೆ ನೀವು ತೋರಿಸಿ ನೋಡುವ. ಚಿಪ್ ಫೂಸ್ ಕೂಡ ಅವರ ಅಂಗಡಿಯಲ್ಲಿ ದುಡಿದವರೇ. ನಾನು ಇದಕ್ಕೆ ಬಿದ್ದದ್ದು ಫೂಸ್‌ನ ಟಿವಿ ಕಾರ್ಯಕ್ರಮದಿಂದ, ಪತ್ರಿಕೆಯಿಂದ ಅಲ್ಲ.

ಫ್ಲ್ಯಾಟ್‌ಹೆಡ್_ಪ್ರೇಮಿ | ಬುಧವಾರ, ರಾತ್ರಿ 9:22

ಬಾಯ್ಡ್ ಕಾರುಗಳು ಚಂದ, ಸರಿ. ಆದರೆ ಅವು ಶೋಕೇಸಿನ ಗೊಂಬೆ. ನೂರು ಕಿಲೋಮೀಟರ್ ಓಡಿಸಿದರೆ ಮಾಲೀಕನಿಗೆ ನಿದ್ದೆ ಬರಲ್ಲ. ನನ್ನ ಪ್ರಕಾರ ಹಾಟ್ ರಾಡ್ ಕೆಟ್ಟಿದ್ದೇ ಆ ಹೊಳಪಿನಿಂದ. ಬಡ ಹುಡುಗ ಮನೆ ಹಿಂದೆ ಕಟ್ಟುತ್ತಿದ್ದ ಕಾರು, ಆಮೇಲೆ ಶ್ರೀಮಂತ ಚೆಕ್ ಬರೆದು ಕಟ್ಟಿಸುವ ಕಾರಾಯಿತು.

ಕುಡ್ಲದ_ಜೀಪು | ಬುಧವಾರ, ರಾತ್ರಿ 9:30

ಹಿರೋಹಾಟ ಕೂಡ ದುಡ್ಡು ಕೊಟ್ಟೇ ಕಟ್ಟಿಸಿದ್ದಲ್ವಾ? ಅದು ಕಲೆ, ಇದು ಚೆಕ್ಕು. ಒಳ್ಳೆ ನ್ಯಾಯ ನಿಮ್ಮದು.

ಅವೆನ್ಯೂ_ರೋಡ್_ಓದುಗ | ಬುಧವಾರ, ರಾತ್ರಿ 10:40

ಜಗಳ ಬೇಡ, ಇಬ್ಬರಿಗೂ ಸಲ್ಲುವ ಒಬ್ಬರಿದ್ದಾರೆ. ಗ್ರೇ ಬಾಸ್ಕರ್‌ವಿಲ್. ‘ಹಾಟ್ ರಾಡ್’ನಲ್ಲಿ ವರ್ಷಗಟ್ಟಲೆ ಬರೆದವರು. ಚಡ್ಡಿ, ಹವಾಯಿ ಚಪ್ಪಲಿ, ಅದೇ ಅವರ ಯೂನಿಫಾರ್ಮ್. ಬಾಯ್ಡ್ ಕಾರನ್ನೂ ಮೆಚ್ಚಿ ಬರೆಯುತ್ತಿದ್ದರು, ತುಕ್ಕು ಹಿಡಿದ ಕಾರನ್ನೂ ಮೆಚ್ಚಿ ಬರೆಯುತ್ತಿದ್ದರು. ಹೊಳಪಿಗೆ ಸಡ್ಡು ಹೊಡೆದು ಬಂದ ಒರಟು ಕಾರುಗಳಿಗೆ ‘ರ‍್ಯಾಟ್ ರಾಡ್’ ಅನ್ನೋ ಹೆಸರು ಕೊಟ್ಟಿದ್ದೂ ಅವರೇ ಅನ್ನುತ್ತಾರೆ. 2002ರಲ್ಲಿ ತೀರಿಕೊಂಡರು.

ಬರೆಯುವವರೇ ಕಟ್ಟುವವರೂ ಆಗಿದ್ದರು ಅನ್ನೋದು ನನಗೆ ತುಂಬಾ ಇಷ್ಟ. ಟೆಕ್ಸ್ ಸ್ಮಿತ್ ‘ಹಾಟ್ ರಾಡ್’ನವರು. ಎಕ್ಸ್‌ಆರ್-6 ಅಂತ ತಾವೇ ಕಾರು ಕಟ್ಟಿದರು. 1963ರಲ್ಲಿ ಅದಕ್ಕೆ ಅಮೆರಿಕದ ಅತಿ ಸುಂದರ ರೋಡ್‌ಸ್ಟರ್ (ಚಾವಣಿ ಇಲ್ಲದ ಕಾರು) ಪ್ರಶಸ್ತಿ ಬಂತು. ‘ರಾಡ್ ಅಂಡ್ ಕಸ್ಟಮ್’ ಸಂಪಾದಕ ಸ್ಪೆನ್ಸರ್ ಮರ್ರೆ ತಮ್ಮ 1950ರ ಶೆವರ್ಲೆ ಪಿಕಪ್ಪನ್ನು ಪತ್ರಿಕೆಯ ಧಾರಾವಾಹಿ ಮಾಡಿಬಿಟ್ಟರು. ‘ಡ್ರೀಮ್ ಟ್ರಕ್’ ಅಂತ ಹೆಸರು. ಮುಂದೇನು ಮಾಡಲಿ ಅಂತ ಓದುಗರನ್ನು ಕೇಳುವುದು, ಒಂದೊಂದು ಕೆಲಸವನ್ನು ಒಂದೊಂದು ಗ್ಯಾರೇಜಿನಲ್ಲಿ ಮಾಡಿಸುವುದು, ಬರೆಯುವುದು. ವರ್ಷಗಟ್ಟಲೆ ನಡೆಯಿತು. 1958ರಲ್ಲಿ ಒಂದು ಪ್ರದರ್ಶನಕ್ಕೆ ಎಳೆದುಕೊಂಡು ಹೋಗುವಾಗ ಕ್ಯಾನ್ಸಸ್ ರಾಜ್ಯದಲ್ಲಿ ಅಪಘಾತವಾಗಿ ನುಜ್ಜುಗುಜ್ಜಾಯಿತು. ಮೆಗಾ ಸೀರಿಯಲ್‌ನವರೂ ಇಷ್ಟು ಕ್ರೂರವಾಗಿ ಮುಗಿಸಲ್ಲ. (ಆಮೇಲೆ ಅದನ್ನೂ ಸರಿ ಮಾಡಿದರು ಬಿಡಿ.)

ಸುಮ್ನೆ_ಕುತೂಹಲ | ಗುರುವಾರ, ಬೆಳಗ್ಗೆ 7:50

ನಮ್ಮಲ್ಲಿ ಯಾಕೆ ಯಾರೂ ಇಂಥದ್ದು ಮಾಡಲ್ಲ? ಜೆ.ಸಿ. ರೋಡು, ಶಿವಾಜಿನಗರದ ಗುಜರಿ ಎಲ್ಲ ಇದೆಯಲ್ಲ.

ಕುಡ್ಲದ_ಜೀಪು | ಗುರುವಾರ, ಬೆಳಗ್ಗೆ 8:30

ಆಸೆಗೆ ಬರ ಇಲ್ಲ ಮಾರಾಯ್ರೆ, ಕಾನೂನು ಬಿಡುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ಇರುವ, ಕಂಪನಿ ಹೇಳಿದ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿ ಮಾಡಿತು. ನನ್ನ ಹಳೇ ವಿಲ್ಲೀಸ್ ಜೀಪಿಗೆ ಅಗಲದ ಟೈರ್ ಹಾಕಿದ್ದಕ್ಕೇ ಎರಡು ಸಲ ದಂಡ ಕಟ್ಟಿದ್ದೇನೆ. ಚಾವಣಿ ಕತ್ತರಿಸಿದರೆ ಗಾಡಿ ಠಾಣೆಯ ಕಾಂಪೌಂಡಿನಲ್ಲಿ ಹುಲ್ಲು ಬೆಳೆಸುತ್ತಾ ಕೂರಬೇಕು.

ಪಮೋನಾ_ಕನ್ನಡಿಗ | ಗುರುವಾರ, ಬೆಳಗ್ಗೆ 10:10

ಇಲ್ಲೂ ಕಾನೂನು ಕಾಟ ಇತ್ತು, ಆದರೆ ಅದರಿಂದ ಹೊಸದೇನೋ ಹುಟ್ಟಿತು. ಐವತ್ತರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾ ಒಂದು ನಿಯಮ ತಂದಿತು: ಕಾರಿನ ಮೈಯ ಯಾವ ಭಾಗವೂ ಚಕ್ರದ ರಿಮ್ಮಿನ ಕೆಳ ಅಂಚಿಗಿಂತ ಕೆಳಗೆ ಇರಬಾರದು. ಕಾರು ತಗ್ಗಿಸುವವರನ್ನು ಪೊಲೀಸರು ಹಿಡಿಯತೊಡಗಿದರು. ರಾನ್ ಅಗಿರ್ರೆ ಅನ್ನೋ ಯುವಕ ತನ್ನ ಕಾರ್ವೆಟ್‌ಗೆ ವಿಮಾನದ ಹೈಡ್ರಾಲಿಕ್ಸ್ ಹಾಕಿದ. ಪೊಲೀಸರು ಕಂಡರೆ ಕಾರು ಮೇಲೆ, ಹೋದರೆ ಕೆಳಗೆ. ಕುಣಿಯುವ ಲೋರೈಡರ್ ಕಾರುಗಳು ಬಂದಿದ್ದು ಆ ದಾರಿಯಲ್ಲಿ.

ಪತ್ರಿಕೆ ಯಾರನ್ನು ಬಿಟ್ಟಿತು ಅಂತ ಸ್ಪ್ಯಾನರ್ ಅವರು ಕೇಳಿದ್ದರಲ್ಲ. ಮೆಕ್ಸಿಕೊ ಮೂಲದ ಈ ಹುಡುಗರ ಲೋರೈಡರ್‌ಗಳಿಗೆ ದೊಡ್ಡ ಪತ್ರಿಕೆಗಳಲ್ಲಿ ಸಿಕ್ಕ ಜಾಗ ಕಡಿಮೆ. ಅದಕ್ಕೇ 1977ರಲ್ಲಿ ಸ್ಯಾನ್ ಹೋಸೆಯ ವಿದ್ಯಾರ್ಥಿಗಳು ‘ಲೋರೈಡರ್’ ಅಂತ ತಮ್ಮದೇ ಪತ್ರಿಕೆ ಶುರು ಮಾಡಿದರು. ಇಲ್ಲಿನ ಸಂತೆಯಲ್ಲಿ ಈಗ ಅದರ ಹಳೇ ಸಂಚಿಕೆಗಳಿಗೇ ಬೆಲೆ ಜಾಸ್ತಿ.

ಮಿಶಿಗನ್_ಮಾವ | ಗುರುವಾರ, ರಾತ್ರಿ 7:15

ನನ್ನ ಲೆಕ್ಕದಲ್ಲಿ ಪತ್ರಿಕೆಯ ಬಲಕ್ಕೆ ಸಾಕ್ಷಿ ಒಂದೇ ಸಂಚಿಕೆ. 1973ರ ನವೆಂಬರ್, ‘ರಾಡ್ ಅಂಡ್ ಕಸ್ಟಮ್’. ಮುಖಪುಟದಲ್ಲಿ ಎರಡು 1934ರ ಫೋರ್ಡ್ ಕೂಪೆ (ಎರಡು ಬಾಗಿಲಿನ ಕಾರು), ಎರಡಕ್ಕೂ ತಲೆ ಕತ್ತರಿಸಿದ್ದು. ಒಂದು ಪೀಟ್ ಶಪೂರಿಸ್ ಅವರದ್ದು, ಇನ್ನೊಂದು ಜಿಮ್ ಜೇಕಬ್ಸ್ ಅವರದ್ದು. ಒಂದೇ ಮುಖಪುಟದಲ್ಲಿ ನಿಂತವರು 1974ರಲ್ಲಿ ಒಂದೇ ಅಂಗಡಿ ತೆರೆದರು. ‘ಪೀಟ್ ಅಂಡ್ ಜೇಕ್ಸ್’. ಹಳೇ ಫೋರ್ಡ್‌ಗೆ ಬೇಕಾದ ಆ್ಯಕ್ಸಲ್, ಸಸ್ಪೆನ್ಷನ್ ಎಲ್ಲ ರೆಡಿ ಮಾಡಿ ಮಾರತೊಡಗಿದರು. ಅದೇ ವರ್ಷ ಪೀಟ್‌ನ ಕಾರು ಒಂದು ಟಿವಿ ಸಿನಿಮಾದಲ್ಲೂ ಓಡಿತು. ‘ಕ್ಯಾಲಿಫೋರ್ನಿಯಾ ಕಿಡ್’ ಅಂದರೆ ಮೈಮೇಲೆ ಬೆಂಕಿ ಜ್ವಾಲೆ ಬರೆಸಿಕೊಂಡ ಆ ಕಪ್ಪು ಕಾರೇ.

ಪೀಟ್ 2017ರಲ್ಲಿ ಹೋದರು. ಬಣ್ಣದಿಂದ ಬಣ್ಣಕ್ಕೆ ಕರಗಿಸುವ ಪೇಂಟಿಂಗ್‌ನ ಜೀನ್ ವಿನ್‌ಫೀಲ್ಡ್ 2025ರಲ್ಲಿ ಹೋದರು, 97 ವರ್ಷ. ಪತ್ರಿಕೆಗಳೂ ಹೋದವು. 2019ರ ಡಿಸೆಂಬರಿನಲ್ಲಿ ಒಂದೇ ಕಂಪನಿ ಒಂದೇ ದಿನ ತನ್ನ 22 ಮುದ್ರಿತ ಪತ್ರಿಕೆಗಳಲ್ಲಿ 19 ನಿಲ್ಲಿಸುತ್ತೇವೆ ಅಂತ ಹೇಳಿತು. ‘ಸ್ಟ್ರೀಟ್ ರಾಡರ್’ ಹೋಯಿತು, 1953ರಿಂದ ಇದ್ದ ‘ಕಾರ್ ಕ್ರಾಫ್ಟ್’ ಹೋಯಿತು. ‘ರಾಡ್ ಅಂಡ್ ಕಸ್ಟಮ್’ 2014ರಲ್ಲೇ ನಿಂತಿತ್ತು. ಆ ಚಳಿಗಾಲ ನಾನು ಅಂಚೆ ಡಬ್ಬಿ ತೆರೆದರೆ ಬರೀ ಕರೆಂಟ್ ಬಿಲ್ಲು.

ಸ್ಪ್ಯಾನರ್_12_13 | ಗುರುವಾರ, ರಾತ್ರಿ 9:35

ಓದುಗರೇ, ನಿಮ್ಮ ಹರಿದ ಪುಟದ್ದೇ ನನಗೆ ಚಿಂತೆ ಹತ್ತಿದೆ. ಗಾಜು ಹೇಗೆ ಕತ್ತರಿಸಿದರು ಅಂತ ಇಷ್ಟು ವರ್ಷ ಯಾರನ್ನೂ ಕೇಳಲಿಲ್ಲೇನು? ನಾ ಹೇಳತೀನಿ.

ಕಾರಿನ ಮುಂದಿನ ಗಾಜು ಎರಡು ಹಾಳೆ, ನಡುವೆ ಪ್ಲಾಸ್ಟಿಕ್ ಪದರ. ಸಪಾಟು ಗಾಜಿದ್ದರೆ ಮನೆಯಲ್ಲೂ ಆದೀತು, ಬಾಗಿದ ಗಾಜಿಗೆ ಕೈ ಹಾಕಬ್ಯಾಡ್ರಿ. ಎರಡೂ ಕಡೆ ಒಂದೇ ಗೆರೆಗೆ ಸರಿಯಾಗಿ ಗಾಜು ಕೊಯ್ಯುವ ಕಟ್ಟರ್ ಎಳೆಯಬೇಕು. ಗೆರೆ ಒಂದು ಕೂದಲು ಆಚೀಚೆ ಆದರೂ ಮುಗೀತು. ಆಮೇಲೆ ಹಿಂದಿನಿಂದ ಸಣ್ಣಗೆ ತಟ್ಟಿ ಒಂದು ಹಾಳೆ ಸೀಳಿಸಬೇಕು, ತಿರುಗಿಸಿ ಇನ್ನೊಂದು. ಈಗ ಪ್ಲಾಸ್ಟಿಕ್ ಮಾತ್ರ ಹಿಡಿದುಕೊಂಡಿರುತ್ತದೆ. ಗೆರೆಯಲ್ಲಿ ಸ್ವಲ್ಪೇ ಸ್ಪಿರಿಟ್ ಸುರಿದು ಕಡ್ಡಿ ಗೀರಿದರೆ ನೀಲಿ ಉರಿ ಬಂದು ಪದರ ಮೆತ್ತಗಾಗುತ್ತದೆ. ಮೆಲ್ಲಗೆ ಎಳೆದು, ಸಂದಿಯಲ್ಲಿ ಬ್ಲೇಡ್ ಹಾಕಿ ಕೊಯ್ದುಬಿಡಬೇಕು. ಅಪ್ಪ ಹಳೇ ಲಾರಿಯ ಗಾಜು ಹೀಗೇ ಕೂರಿಸುತ್ತಿದ್ದರು. ಅವರಿಗೆ ಯಾವ ಪತ್ರಿಕೆ ಹೇಳಿಕೊಟ್ಟಿತ್ತು?

ಗಾಜಿಗಿಂತ ಕಷ್ಟ ಚಾವಣಿ. ಕಂಬಗಳು ಮೇಲೆ ಹೋಗುತ್ತಾ ಒಳಗೆ ಬಾಗಿರುತ್ತವೆ. ನಡುವೆ ನಾಲ್ಕು ಇಂಚು ತೆಗೆದರೆ ಮೇಲಿನ ತುದಿ, ಕೆಳಗಿನ ತುದಿ ಕೂಡುವುದಿಲ್ಲ. ಒಂದೋ ಕಂಬ ಬಗ್ಗಿಸಬೇಕು, ಇಲ್ಲ ಚಾವಣಿಯನ್ನೇ ಅಡ್ಡ ಸೀಳಿ ನಡುವೆ ತಗಡಿನ ಪಟ್ಟಿ ಸೇರಿಸಬೇಕು. ಬಾಗಿಲಿಗೂ ಅದೇ ಪಾಡು. ಫೋಟೊದಲ್ಲಿ ಒಂದೇ ಹೆಜ್ಜೆ ಕಾಣುತ್ತದೆ, ನಡುವೆ ಹದಿನೈದು ದಿನ ಇರುತ್ತವೆ.

ಅವೆನ್ಯೂ_ರೋಡ್_ಓದುಗ | ಗುರುವಾರ, ರಾತ್ರಿ 11:20

ಅಣ್ಣ, ಎರಡು ಸಲ ಓದಿದೆ. ನೀಲಿ ಉರಿ! ನಾನು ಇಷ್ಟು ದಿನ ಏನೋ ದೊಡ್ಡ ಮೆಷಿನ್ ಇರಬೇಕು ಅಂದುಕೊಂಡಿದ್ದೆ. ಹುಬ್ಬಳ್ಳಿಗೆ ಬಂದಾಗ ನಿಮ್ಮ ಗ್ಯಾರೇಜಿಗೆ ಬರುತ್ತೇನೆ.

ಪಮೋನಾದವರೇ, ಸಂತೆಗೆ ಹೋದರೆ ಒಂದು ಉಪಕಾರ ಮಾಡಿ. ನನ್ನ ಸಂಚಿಕೆಯ ಮುಖಪುಟದ ಫೋಟೊ ನಿಮಗೆ ಖಾಸಗಿಯಾಗಿ ಕಳಿಸಿದ್ದೇನೆ. ಸಿಕ್ಕರೆ ಆ ಒಂದು ಹಾಳೆ ನೋಡಿ ಹೇಳಿ. ಸ್ಪ್ಯಾನರ್ ಅಣ್ಣ ಹೇಳಿದ ಹಾಗೇ ಮಾಡಿದ್ದರಾ ಅಂತ.

ಪಮೋನಾ_ಕನ್ನಡಿಗ | ಸೋಮವಾರ, ಬೆಳಗ್ಗೆ 9:00

ಸರ್, ನಿನ್ನೆ ಬೆಳಗ್ಗೆ ಐದೂವರೆಗೇ ಹೋಗಿದ್ದೆ. ಚಳಿ. ಮಗಳನ್ನೂ ಎಬ್ಬಿಸಿ ಕರೆದುಕೊಂಡು ಹೋದೆ, ದಾರಿಯುದ್ದಕ್ಕೂ ಬೈಸಿಕೊಂಡೆ. ನಾಲ್ಕನೇ ಸಾಲಿನಲ್ಲಿ ಒಬ್ಬ ಅಜ್ಜ ಬಾಳೆಹಣ್ಣಿನ ರಟ್ಟಿನ ಡಬ್ಬಗಳಲ್ಲಿ ಪತ್ರಿಕೆ ತುಂಬಿಕೊಂಡು ಕೂತಿದ್ದ. ಎರಡನೇ ಡಬ್ಬದಲ್ಲೇ ಸಿಕ್ಕಿತು. ನಿಮ್ಮದೇ ಸಂಚಿಕೆ, ಮುಖಪುಟಕ್ಕೆ ಒಂದು ಗೀರೂ ಇಲ್ಲ. ಮೂರು ಡಾಲರ್. ಅಲ್ಲೇ ನಿಂತು ಹಿಂದಿನ ಪುಟ ತೆರೆದೆ.

ಕೂಪನ್ ಕತ್ತರಿಸಿದೆ ಸರ್. ಅದೇ ಜಾಗ, ಅದೇ ಚೌಕ.

ಅಜ್ಜನಿಗೆ ತೋರಿಸಿದೆ. ಜೋರಾಗಿ ನಕ್ಕ. ಆ ಕೂಪನ್ ಕಳಿಸಿದರೆ ಪುಕ್ಕಟೆ ಕ್ಯಾಟಲಾಗ್ ಬರುತ್ತಿತ್ತಂತೆ. ಇದನ್ನು ಕತ್ತರಿಸಿದ್ದು ತಾನೇ ಅಂದ.

ಅವೆನ್ಯೂ_ರೋಡ್_ಓದುಗ | ಸೋಮವಾರ, ಬೆಳಗ್ಗೆ 9:14

ಆ ಕ್ಯಾಟಲಾಗ್ ಅವರ ಹತ್ತಿರ ಇನ್ನೂ ಇದೆಯಾ, ಕೇಳಿದಿರಾ?